ಹೆಕ್ಸ್ ಫೈಲ್ ಕೊಟ್ಟರೆ ಕೆಲಸ ಮುಗಿಯಲಿಲ್ಲ

ಕರೆಂಟ್ ಬಂದ 60 ಸೆಕೆಂಡಿಗೆ ರಿಲೇ ಟಕ್ಕೆನ್ನಬೇಕಿತ್ತು. ಎನ್ನಲಿಲ್ಲ.

ಬೋರ್‌ವೆಲ್ ಪಂಪಿಗೆ ಹಾಕುವ ಆಟೋ ಸ್ಟಾರ್ಟರ್ ಬೋರ್ಡ್ ಅದು. ತ್ರೀ ಫೇಸ್ ಬಂದ ಕೂಡಲೇ ಮೋಟರ್ ಎಳೆಯದೆ, ವೋಲ್ಟೇಜ್ ಒಂದು ಹದಕ್ಕೆ ಬರಲಿ ಎಂದು ಒಂದು ನಿಮಿಷ ಕಾಯುವ ಹಾಗೆ ಪ್ರೋಗ್ರಾಂ ಬರೆದಿದ್ದೆ. ನನ್ನ ಮೇಜಿನ ಮೇಲಿದ್ದ ಮಾದರಿ ಬೋರ್ಡ್ ಆರು ತಿಂಗಳಿಂದ ಒಂದು ದಿನವೂ ತಪ್ಪಿರಲಿಲ್ಲ. ಈಗ ಕೈಯಲ್ಲಿದ್ದದ್ದು ಮೊದಲ ಉತ್ಪಾದನೆಯದು. 300 ಚಿಪ್‌ಗಳಿಗೆ ಹೊರಗಿನವರ ಹತ್ತಿರ ಪ್ರೋಗ್ರಾಂ ಹಾಕಿಸಿ, ಅಸೆಂಬ್ಲಿಗೆ ಕೊಟ್ಟು ತರಿಸಿದ್ದು. ಕೈಗಡಿಯಾರ ಬಿಚ್ಚಿ ಪಕ್ಕದಲ್ಲಿಟ್ಟುಕೊಂಡು ಕೂತೆ. ಎರಡು ನಿಮಿಷ, ನಾಲ್ಕು ನಿಮಿಷ. ಸೆಕೆಂಡಿಗೊಮ್ಮೆ ಮಿಣುಕಬೇಕಾದ ಹಸಿರು ದೀಪ ಎಲ್ಲೋ ಒಂದೊಂದು ಸಲ ಮಿಣುಕುತ್ತಿತ್ತು. ಎಂಟು ನಿಮಿಷ ತುಂಬಿದಾಗ ರಿಲೇ ಟಕ್ಕೆಂದಿತು. ಇನ್ನೊಂದು ಬೋರ್ಡ್ ತೆಗೆದೆ. ಅದೂ ಎಂಟೇ ನಿಮಿಷ.

ಸರಿಯಾಗಿ ಎಂಟು ಪಟ್ಟು. ಎಟಿಮೆಗಾ328ಪಿ ಚಿಪ್ ಬಳಸಿದವರಿಗೆ ಆ ಎಂಟು ಏನು ಹೇಳುತ್ತದೆಂದು ಗೊತ್ತು. ಚಿಪ್ಪಿನೊಳಗೆ 8 ಮೆಗಾಹರ್ಟ್ಸ್ ಆಸಿಲೇಟರ್ ಇದೆ. ಆದರೆ ಕಾರ್ಖಾನೆಯಿಂದ ಬರುವಾಗ ಅದನ್ನು ಎಂಟರಿಂದ ಭಾಗಿಸುವ ಒಂದು ಫ್ಯೂಸ್ ಆನ್ ಆಗಿರುತ್ತದೆ. ಹಾಗಾಗಿ ಹೊಸ ಚಿಪ್ ಓಡುವುದು 1 ಮೆಗಾಹರ್ಟ್ಸ್‌ನಲ್ಲಿ. ನನ್ನ ಮೇಜಿನ ಚಿಪ್‌ನಲ್ಲಿ ಆ ಫ್ಯೂಸನ್ನು ನಾನೇ ಯಾವತ್ತೋ ಆಫ್ ಮಾಡಿದ್ದೆ. ಮಾಡಿದ್ದು ಎಲ್ಲೂ ಬರೆದಿರಲಿಲ್ಲ. ಹೊರಗಿನವರಿಗೆ ಕಳಿಸಿದ್ದು ಒಂದು ಹೆಕ್ಸ್ ಫೈಲ್, ಜೊತೆಗೆ ‘ಇದನ್ನು 300 ಪೀಸಿಗೆ ಹಾಕಿಕೊಡಿ’ ಎಂಬ ಒಂದು ಸಾಲು. ಅವರು ಅಷ್ಟನ್ನೇ ಮಾಡಿದ್ದರು, ಚೊಕ್ಕವಾಗಿ. ಅವರ ಯಂತ್ರ ಮುನ್ನೂರಕ್ಕೂ ‘ಪಾಸ್’ ಎಂದಿತ್ತು. ನಾವು ಬರೆಯಲು ಹೇಳಿದ್ದು ಸರಿಯಾಗಿ ಬರೆದಾಯಿತೇ ಎಂದಷ್ಟೇ ಯಂತ್ರ ನೋಡುತ್ತದೆ. ಹೇಳದೆ ಬಿಟ್ಟದ್ದನ್ನು ಅದು ಎಲ್ಲಿಂದ ನೋಡೀತು?

ಬೋರ್ಡಿನಲ್ಲಿ ಪ್ರೋಗ್ರಾಮಿಂಗ್ ಪಿನ್‌ಗಳಿಗೆ ಜಾಗ ಬಿಟ್ಟಿರಲಿಲ್ಲ. ಒಂದೊಂದು ಚಿಪ್ಪಿನ ಕಾಲುಗಳಿಗೂ ಆರು ತೆಳು ತಂತಿ ಬೆಸೆದು, ಫ್ಯೂಸ್ ಬದಲಿಸಿ, ಮತ್ತೆ ತಂತಿ ಬಿಡಿಸುತ್ತ ಹನ್ನೊಂದು ದಿನ ಕಳೆದೆವು. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕಗಳಲ್ಲಿ, ಕಾಲೇಜು ಮುಗಿಸಿ ಸ್ವಂತ ಉತ್ಪನ್ನಕ್ಕೆ ಕೈಹಾಕಿದವರಲ್ಲಿ, ಮೊದಲ ಸಲ ಚಿಪ್ ಹೊರಗೆ ಕೊಡುವವರು ಇವತ್ತು ಬಹಳ ಮಂದಿ ಇದ್ದಾರೆ. ಈ ಬರಹ ಅವರಿಗಾಗಿ.

ಮೊದಲು ತಿಳಿಯಬೇಕಾದದ್ದು, ಸೆಟ್ಟಿಂಗ್‌ಗಳು ಕೂತಿರುವ ಜಾಗ ಚಿಪ್‌ನಿಂದ ಚಿಪ್‌ಗೆ ಬೇರೆ. ಎವಿಆರ್ ಜಾತಿಯ ಚಿಪ್‌ಗಳಲ್ಲಿ ಫ್ಯೂಸ್ ಬಿಟ್‌ಗಳು ಪ್ರೋಗ್ರಾಂ ಮೆಮೊರಿಯ ಹೊರಗಿವೆ. ಸಾಮಾನ್ಯವಾಗಿ ಕಂಪೈಲರ್ ಕೊಡುವ ಹೆಕ್ಸ್ ಫೈಲಿನಲ್ಲಿ ಅವು ಇರುವುದೇ ಇಲ್ಲ. ಈಪ್ರಾಮ್‌ಗೆ ಹಾಕಬೇಕಾದ ಮಾಹಿತಿಯೂ ಬೇರೆಯೇ ಫೈಲ್. ಬೇಕಿದ್ದರೆ ಸಿ ಪ್ರೋಗ್ರಾಮಿನಲ್ಲೇ ಫ್ಯೂಸ್ ಮತ್ತು ಲಾಕ್ ಬೆಲೆಗಳನ್ನು ಬರೆದಿಟ್ಟು, ಎಲ್ಲವೂ ಒಟ್ಟಿಗಿರುವ ಎಲ್ಫ್ ಫೈಲ್ ಕೊಡಬಹುದು. ಆದರೆ ಪ್ರೋಗ್ರಾಂ ಹಾಕಿಕೊಡುವ ಸೇವೆಯವರ ಯಂತ್ರ ಅದನ್ನು ಓದುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಪಿಕ್ ಚಿಪ್‌ಗಳ ದಾರಿ ಬೇರೆ. ಅಲ್ಲಿ ಕಾನ್ಫಿಗರೇಶನ್ ವರ್ಡ್ ಹೆಕ್ಸ್ ಫೈಲಿನೊಳಗೇ ಹೋಗುತ್ತದೆ. ಪಿಕ್ 16ಎಫ್877ಎ ಚಿಪ್‌ನಲ್ಲಿ ಅದರ ವಿಳಾಸ ಹೆಕ್ಸ್ ಸಂಖ್ಯೆಯಲ್ಲಿ 2007. ಫೈಲ್ ಬೈಟ್ ಲೆಕ್ಕದಲ್ಲಿ ನಡೆಯುವುದರಿಂದ ಅಲ್ಲಿ ಅದು ದುಪ್ಪಟ್ಟಾಗಿ 400ಇ ಎಂದು ಕಾಣುತ್ತದೆ. ಹೋಗುತ್ತದೆ ಎಂದೆ, ಆದರೆ ನೀವು ಪ್ರೋಗ್ರಾಮಿನಲ್ಲಿ ಬರೆದಿದ್ದರೆ ಮಾತ್ರ. ಎಂಪಿಲ್ಯಾಬ್ ಎಕ್ಸ್ ತಂತ್ರಾಂಶದ ಕಾನ್ಫಿಗರೇಶನ್ ಕಿಟಕಿಯಲ್ಲಿ ಬದಲಿಸಿದ ಮಾತ್ರಕ್ಕೆ ಫೈಲ್ ಬದಲಾಗದು. ಅದರಿಂದ ಕೋಡ್ ಹುಟ್ಟಿಸಿ, ಪ್ರೋಗ್ರಾಮಿಗೆ ಸೇರಿಸಿ, ಮತ್ತೆ ಕಂಪೈಲ್ ಮಾಡಬೇಕು. ಫೈಲನ್ನು ಕಳಿಸುವ ಮುನ್ನ ಮಾಮೂಲಿ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು 400ಇ ವಿಳಾಸದ ಸಾಲು ಇದೆಯೇ ಎಂದು ಕಣ್ಣಾರೆ ನೋಡಿ. ಒಂದು ನಿಮಿಷದ ಕೆಲಸ.

ಹೆಕ್ಸ್ ಬಿಟ್ಟು ಬರೀ ಬೈನರಿ ಫೈಲ್ ಕೊಡುವವರಿದ್ದಾರೆ. ಬೈನರಿಯಲ್ಲಿ ವಿಳಾಸವೇ ಇರುವುದಿಲ್ಲ. ಎಲ್ಲಿಂದ ಬರೆಯಲು ಶುರುಮಾಡಬೇಕು ಎಂಬುದನ್ನೂ ನೀವೇ ಬರೆದುಕೊಡಬೇಕಾಗುತ್ತದೆ. ಹೆಕ್ಸ್ ಇದ್ದರೆ ಅದನ್ನೇ ಕೊಡಿ.

ಇನ್ನು ಆನ್, ಆಫ್ ಎಂಬ ಮಾತುಗಳು. ಇಷ್ಟು ಚಿಕ್ಕ ಪದಗಳು ಇಷ್ಟು ತೊಂದರೆ ಕೊಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಎವಿಆರ್‌ನಲ್ಲಿ ಫ್ಯೂಸ್ ‘ಪ್ರೋಗ್ರಾಮ್ಡ್’ ಎಂದರೆ ಆ ಬಿಟ್ 0, ‘ಅನ್‌ಪ್ರೋಗ್ರಾಮ್ಡ್’ ಎಂದರೆ 1. ನಮ್ಮ ಸಹಜ ಎಣಿಕೆಗೆ ತಿರುಗುಮುರುಗು. ತಂತ್ರಾಂಶದ ಪರದೆಯಲ್ಲಿ ಒಂದು ಚೌಕಕ್ಕೆ ಗುರುತು ಹಾಕಿದರೆ ಅದು 0 ಆಗಿರಬಹುದು, ಇನ್ನೊಂದು ತಂತ್ರಾಂಶದಲ್ಲಿ 1 ಆಗಿರಬಹುದು. ಪಿಕ್ 16ಎಫ್877ಎ ಇನ್ನೂ ಒಂದು ಹೆಜ್ಜೆ ಮುಂದೆ. ಒಂದೇ ವರ್ಡ್‌ನೊಳಗೆ ವಾಚ್‌ಡಾಗ್ ಬಿಟ್ 0 ಆದರೆ ವಾಚ್‌ಡಾಗ್ ಆಫ್. ಪಕ್ಕದಲ್ಲೇ ಇರುವ ಪವರ್‌ಅಪ್ ಟೈಮರ್ ಬಿಟ್ 0 ಆದರೆ ಟೈಮರ್ ಆನ್. ಹೀಗಿರುವಾಗ ‘ಬಿಟ್ 3 ಆನ್ ಮಾಡಿ’ ಎಂದು ಬರೆದರೆ ಓದುವವರು ಏನೆಂದು ತಿಳಿಯಬೇಕು? ಪರದೆಯ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಮಾಡಿದರೂ ಇದೇ ಗತಿ. ನಿಮ್ಮ ಪರದೆಯ ಗುರುತು ಅವರ ಯಂತ್ರದ ಗುರುತಲ್ಲ.

ಆದ್ದರಿಂದ ನಾನು ಹಿಡಿದಿರುವ ಕ್ರಮ ಹೀಗಿದೆ: ಪ್ರತಿ ಸೆಟ್ಟಿಂಗನ್ನೂ ಎರಡು ಸಲ ಹೇಳುವುದು, ಒಮ್ಮೆ ಸಂಖ್ಯೆಯಲ್ಲಿ, ಒಮ್ಮೆ ಮಾತಿನಲ್ಲಿ. ಸಂಖ್ಯೆ ಮಾತ್ರ ಕೊಟ್ಟರೆ, ಬೆರಳು ತಪ್ಪಿ ಒತ್ತಿದ ಒಂದು ಅಂಕಿ ಯಾರ ಕಣ್ಣಿಗೂ ಬೀಳದೆ ಮುಂದೆ ಹೋಗುತ್ತದೆ. ಮಾತು ಮಾತ್ರ ಕೊಟ್ಟರೆ, ಅವರವರ ತಿಳಿವಳಿಕೆಯಂತೆ ಅರ್ಥವಾಗುತ್ತದೆ. ಎರಡೂ ಇದ್ದರೆ ಒಂದರ ತಪ್ಪನ್ನು ಇನ್ನೊಂದು ಹಿಡಿದುಕೊಡುತ್ತದೆ. ಯಂತ್ರದ ಮುಂದೆ ಕೂತವರಿಗೆ ಎರಡೂ ತಾಳೆಯಾಗದಿದ್ದರೆ ಅವರು ಫೋನ್ ಎತ್ತುತ್ತಾರೆ. ಆ ಒಂದು ಫೋನ್ ಕರೆಗಾಗಿಯೇ ಇಷ್ಟೆಲ್ಲ.

ಆ ಕರೆ ಬಂದಾಗ ಮಾತ್ರ ಸಂಖ್ಯೆಗಳನ್ನು ಬಾಯಲ್ಲಿ ಹೇಳಬೇಡಿ. ಹೆಕ್ಸ್ ಸಂಖ್ಯೆಯಲ್ಲಿ ಎ ಇಂದ ಎಫ್‌ವರೆಗಿನ ಅಕ್ಷರಗಳೂ ಅಂಕಿಗಳೇ, ಫೋನಿನಲ್ಲಿ ಬಿ, ಡಿ, ಇ ಮೂರೂ ಒಂದೇ ತರಹ ಕೇಳಿಸುತ್ತವೆ. ಎಟಿಮೆಗಾ328ಪಿಯ ಹೈ ಫ್ಯೂಸ್‌ಗೆ ಕಾರ್ಖಾನೆಯ ಬೆಲೆ ಡಿ9. ಅದು ಬಿ9 ಎಂದು ಕೇಳಿಸಿತು ಎಂದುಕೊಳ್ಳಿ. ಬಿಟ್‌ಗಳನ್ನು ಬಿಡಿಸಿದರೆ ಡಿ9 ಎಂದರೆ 1101 1001, ಬಿ9 ಎಂದರೆ 1011 1001. ಬದಲಾದದ್ದು ಎರಡೇ ಬಿಟ್. ಒಂದು ಡಿಬಗ್‌ವೈರ್ ಅನ್ನು ಆನ್ ಮಾಡುತ್ತದೆ, ಇನ್ನೊಂದು ಎಸ್‌ಪಿಐ ಪ್ರೋಗ್ರಾಮಿಂಗ್ ಅನ್ನು ಮುಚ್ಚುತ್ತದೆ. ನಿಮ್ಮ ಹತ್ತಿರ ಇರುವ ಸಾಧಾರಣ ಪ್ರೋಗ್ರಾಮರ್ ಎಸ್‌ಪಿಐ ವಿಧಾನದ್ದಾದರೆ ಅದು ತಾನಾಗಿ ಈ ಬಿಟ್ ಬದಲಿಸಲಾರದು. ಸೇವೆಯವರ ಪ್ಯಾರಲಲ್ ವಿಧಾನದ ಯಂತ್ರ ಬದಲಿಸಬಲ್ಲದು, ಬದಲಿಸಿಯೂ ಬಿಡುತ್ತದೆ. ಆಮೇಲೆ ಆ ಚಿಪ್ಪನ್ನು ನಿಮ್ಮ ಮೇಜಿನ ಮೇಲೆ ತೆರೆಯಲು ಆಗದು. ರೀಸೆಟ್ ಪಿನ್ನಿಗೆ 12 ವೋಲ್ಟ್ ಕೊಡುವ ಯಂತ್ರವೇ ಬೇಕು. ಬರವಣಿಗೆಯಲ್ಲೇ ಕಳಿಸಿ, ಬರವಣಿಗೆಯಲ್ಲೇ ಉತ್ತರ ಪಡೆಯಿರಿ.

ನನ್ನ ಸ್ಟಾರ್ಟರ್ ಬೋರ್ಡಿಗೆ ಈಗ ನಾನು ಕಳಿಸುವ ಹಾಳೆಯ ಮುಖ್ಯ ಭಾಗ ಇದು.

ಚಿಪ್: ಎಟಿಮೆಗಾ328ಪಿ-ಎಯು, 32 ಕಾಲಿನ ಟಿಕ್ಯೂಎಫ್‌ಪಿ. ಸಿಗ್ನೇಚರ್ 1ಇ 95 0ಎಫ್. ಬೇರೆ ಸಿಗ್ನೇಚರ್ ಕಂಡರೆ ಬರೆಯದೆ ನಿಲ್ಲಿಸಿ ತಿಳಿಸಿ.
ಲೋ ಫ್ಯೂಸ್: ಇ2, ಅಂದರೆ 1110 0010. ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರ್. ಎಂಟರಿಂದ ಭಾಗಿಸುವುದು ಬೇಡ. ಹೊರಗೆ ಕ್ರಿಸ್ಟಲ್ ಇಲ್ಲ.
ಹೈ ಫ್ಯೂಸ್: ಡಿ1, ಅಂದರೆ 1101 0001. ರೀಸೆಟ್ ಪಿನ್ ರೀಸೆಟ್ ಆಗಿಯೇ ಉಳಿಯಬೇಕು. ಎಸ್‌ಪಿಐ ಪ್ರೋಗ್ರಾಮಿಂಗ್ ತೆರೆದಿರಬೇಕು. ಚಿಪ್ ಅಳಿಸಿದರೂ ಈಪ್ರಾಮ್ ಉಳಿಯಬೇಕು. ಬೂಟ್‌ಲೋಡರ್ ಇಲ್ಲ.
ಎಕ್ಸ್‌ಟೆಂಡೆಡ್ ಫ್ಯೂಸ್: ಎಫ್‌ಸಿ, ಅಂದರೆ 1111 1100. ಬ್ರೌನ್‌ಔಟ್ 4.3 ವೋಲ್ಟ್.
ಲಾಕ್ ಬೈಟ್: ಎಫ್‌ಸಿ, ಅಂದರೆ 1111 1100. ಓದುವುದಕ್ಕೂ ಬರೆಯುವುದಕ್ಕೂ ಬೀಗ. ಎಲ್ಲ ವೆರಿಫೈ ಆದ ಮೇಲೆ, ಎಲ್ಲಕ್ಕಿಂತ ಕೊನೆಯಲ್ಲಿ.

ಕಾರ್ಖಾನೆಯ ಲೋ ಫ್ಯೂಸ್ 62, ನನಗೆ ಬೇಕಾದದ್ದು ಇ2. ಎಂಟು ನಿಮಿಷದ ಕಥೆಯೆಲ್ಲ ಇರುವುದು ಈ ಎರಡರ ನಡುವಿನ ಒಂದೇ ಬಿಟ್‌ನಲ್ಲಿ. ಹಾಳೆಯ ಕೊನೆಯ ಎರಡು ಸಾಲುಗಳಲ್ಲಿ ಎಫ್‌ಸಿ ಎಂಬ ಒಂದೇ ಬೆಲೆ ಎರಡು ಬೇರೆ ಕೆಲಸಕ್ಕೆ ಬಂದಿದೆ. ಹಾಗಾಗಿ ಬೆಲೆಗಳನ್ನು ಒಂದೇ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬರೆಯುವ ಅಭ್ಯಾಸ ಬೇಡ. ಪ್ರತಿಯೊಂದಕ್ಕೂ ಅದರ ಹೆಸರಿರಲಿ.

ಬ್ರೌನ್‌ಔಟ್ ಬಗ್ಗೆ ನನಗೆ ಸ್ವಲ್ಪ ಹಟವಿದೆ. ವೋಲ್ಟೇಜ್ ಒಂದು ಮಟ್ಟಕ್ಕಿಂತ ಇಳಿದರೆ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುವ ಕಾವಲು ಅದು. ಹೊಸ ಎಟಿಮೆಗಾ328ಪಿಯಲ್ಲಿ ಅದು ಆಫ್ ಆಗಿರುತ್ತದೆ. ಹೊಲದ ಲೈನಿನಲ್ಲಿ ವೋಲ್ಟೇಜ್ ಕುಸಿಯುವುದು, ಏಳುವುದು ದಿನದ ಮಾತು. ಚಿಪ್ಪಿನ 5 ವೋಲ್ಟ್ ನಿಧಾನವಾಗಿ ಕುಸಿಯುವಾಗ ಪ್ರೊಸೆಸರ್ ಅಡ್ಡಾದಿಡ್ಡಿ ಓಡಿ, ರೈತ ಒತ್ತಿ ಕೂರಿಸಿದ ಸೆಟ್ಟಿಂಗ್ ಇರುವ ಈಪ್ರಾಮ್‌ನಲ್ಲಿ ಏನಾದರೂ ಗೀಚಿಬಿಡಬಹುದು. ಮೇಜಿನ ಮೇಲೆ ಈ ದೋಷ ಕಾಣುವುದೇ ಇಲ್ಲ, ಏಕೆಂದರೆ ಮೇಜಿನ ಪವರ್ ಸಪ್ಲೈ ಕುಸಿಯುವುದಿಲ್ಲ. ಗಡಿಯಾರದ ತಪ್ಪಾದರೆ ಮೊದಲ ದಿನವೇ ಗೊತ್ತಾಗುತ್ತದೆ. ಬ್ರೌನ್‌ಔಟ್ ತಪ್ಪು ಮಳೆಗಾಲದವರೆಗೆ ಕಾದು, ಊರಿನಿಂದ ಫೋನ್ ಬಂದ ಮೇಲೆ ಗೊತ್ತಾಗುತ್ತದೆ.

ಎಕ್ಸ್‌ಟೆಂಡೆಡ್ ಫ್ಯೂಸ್‌ನಲ್ಲಿ ಇನ್ನೊಂದು ಸಣ್ಣ ಸಿಕ್ಕು. ಈ ಚಿಪ್‌ನಲ್ಲಿ ಅದರ ಕೆಳಗಿನ ಮೂರು ಬಿಟ್‌ಗಳಿಗಷ್ಟೇ ಕೆಲಸ. ಮೇಲಿನ ಐದು ಖಾಲಿ, ಓದಿದರೆ 1 ಎಂದು ಬರುತ್ತವೆ. ಕೆಲವರು ಖಾಲಿ ಬಿಟ್‌ಗಳನ್ನು 0 ಮಾಡಿ 04 ಎಂದು ಬರೆಯುತ್ತಾರೆ. ಬರೆದದ್ದು 04, ಓದಿದ್ದು ಎಫ್‌ಸಿ, ಯಂತ್ರ ‘ಫೇಲ್’ ಎನ್ನುತ್ತದೆ. ಚಿಪ್ ಕೆಟ್ಟಿಲ್ಲ. ಆರ್ಡುಯಿನೊ ಊನೊ ಬೋರ್ಡಿನ ಸೆಟ್ಟಿಂಗ್ ಹುಡುಕಿದವರಿಗೆ ಒಂದು ಕಡೆ 05, ಇನ್ನೊಂದು ಕಡೆ ಎಫ್‌ಡಿ ಎಂದು ಸಿಗುವುದೂ ಇದೇ ಕಾರಣಕ್ಕೆ.

ಸಿಗ್ನೇಚರ್ ಏಕೆ ಬರೆಯಬೇಕು ಎಂದರೆ, ಮಾರುಕಟ್ಟೆ. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ‘328 ಕೊಡಿ’ ಎಂದರೆ 328 ಬರಬಹುದು, 328ಪಿ ಬರಬಹುದು, 328ಪಿಬಿ ಬರಬಹುದು. ಮೂರರ ಸಿಗ್ನೇಚರ್‌ಗಳು ಬೇರೆ: 1ಇ 95 14, 1ಇ 95 0ಎಫ್, 1ಇ 95 16. ಪಿಬಿ ಚಿಪ್‌ನಲ್ಲಿ ಕ್ರಿಸ್ಟಲ್‌ಗಿರುವ ಫುಲ್ ಸ್ವಿಂಗ್ ಆಯ್ಕೆಯೇ ಇಲ್ಲ. ಪಿ ಚಿಪ್‌ಗೆಂದು ಅಳೆದು ತೂಗಿ ಆರಿಸಿದ ಫ್ಯೂಸ್ ಬೆಲೆ ಅದಕ್ಕೆ ಹೊಂದದೆ ಹೋಗಬಹುದು. ಯಂತ್ರ ಸಿಗ್ನೇಚರ್ ತಾಳೆಯಾಗಲಿಲ್ಲ ಎಂದಾಗ ‘ಪರವಾಗಿಲ್ಲ, ಮುಂದುವರಿಸು’ ಎಂದು ಒತ್ತುವ ಅಧಿಕಾರ ನಿಮ್ಮ ಹಾಳೆ ಯಾರಿಗೂ ಕೊಡಬಾರದು.

ಬೀಗದ ವಿಷಯ. ಲಾಕ್ ಬಿಟ್ ಎಲ್ಲಕ್ಕಿಂತ ಕೊನೆಗೆ ಎಂದು ಏಕೆ ಒತ್ತಿ ಬರೆಯುತ್ತೇನೆಂದರೆ, ಅದು ಬಿದ್ದ ಮೇಲೆ ಮೆಮೊರಿಯನ್ನು ಓದಿ ತಾಳೆ ನೋಡಲು ಆಗದು, ಫ್ಯೂಸ್‌ಗಳನ್ನೂ ಬದಲಿಸಲಾಗದು. ಅಳಿಸು, ಬರೆ, ತಾಳೆ ನೋಡು, ಫ್ಯೂಸ್ ಹಾಕು, ಫ್ಯೂಸ್ ತಾಳೆ ನೋಡು, ಆಮೇಲೆ ಬೀಗ. ಎವಿಆರ್‌ನಲ್ಲಿ ಬೀಗ ತೆಗೆಯಬೇಕಾದರೆ ಪೂರ್ತಿ ಚಿಪ್ ಅಳಿಸಬೇಕು. ಅದು ಒಪ್ಪುವ ಬೆಲೆ. ಎಸ್‌ಟಿಎಂ32ಎಫ್4 ಚಿಪ್‌ಗಳಲ್ಲಿ ಹಾಗಲ್ಲ. ಅಲ್ಲಿ ಆಪ್ಷನ್ ಬೈಟ್‌ನಲ್ಲಿ ಓದುವ ರಕ್ಷಣೆಗೆ ಮೂರು ಹಂತ. ಎಎ ಎಂದರೆ ಹಂತ 0, ಸಿಸಿ ಎಂದರೆ ಹಂತ 2, ಬೇರೆ ಯಾವ ಬೆಲೆಯಾದರೂ ಹಂತ 1. ಹಂತ 1ರಿಂದ ವಾಪಸ್ ಬರಬಹುದು, ಬರುವಾಗ ಮೆಮೊರಿ ಅಳಿಯುತ್ತದೆ. ಹಂತ 2ರಿಂದ ವಾಪಸ್ ಬರುವ ದಾರಿಯೇ ಇಲ್ಲ. ಡಿಬಗ್ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ಹಾಳೆಯಲ್ಲಿ ‘ರೀಡ್ ಪ್ರೊಟೆಕ್ಷನ್ ಆನ್’ ಎಂದಷ್ಟೇ ಬರೆದು ಕಳಿಸಿದರೆ ಹಂತ ಒಂದೋ ಎರಡೋ ಎಂಬುದನ್ನು ಯಾರೋ ಅಪರಿಚಿತರು ನಿಮ್ಮ ಪರವಾಗಿ ತೀರ್ಮಾನಿಸುತ್ತಾರೆ. ನನ್ನ ಆ 300 ಚಿಪ್‌ಗಳಿಗೆ ಬೀಗವೇ ಬಿದ್ದಿರಲಿಲ್ಲ, ಏಕೆಂದರೆ ಕೇಳಿರಲಿಲ್ಲ. ತಂತಿ ಬೆಸೆಯುವಾಗಲೇ ಅದು ಕಣ್ಣಿಗೆ ಬಿದ್ದದ್ದು. ಯಾರು ಬೇಕಾದರೂ ಪ್ರೋಗ್ರಾಂ ಓದಿಕೊಳ್ಳಬಹುದಿತ್ತು.

ಇಷ್ಟೆಲ್ಲ ಬರೆಯುವ ಬದಲು ಸರಿಯಾಗಿ ಓಡುವ ಒಂದು ಚಿಪ್ಪನ್ನೇ ಕೊಟ್ಟು ‘ಇದರ ಹಾಗೆ ಮಾಡಿ’ ಎಂದರಾಗದೇ ಎಂದು ಕೇಳುತ್ತಾರೆ. ಮಾಸ್ಟರ್ ಚಿಪ್ ಕೊಡುವುದು ಹಳೆಯ ರೂಢಿ. ನಾನು ಬೇಡ ಎನ್ನುತ್ತೇನೆ. ಬೀಗ ಹಾಕಿದ್ದರೆ ಓದಲಾಗದು. ಹಾಕಿಲ್ಲದಿದ್ದರೆ ನಿಮ್ಮ ಮೇಜಿನ ಮೇಲೆ ಅದು ಓಡಿದಷ್ಟು ದಿನ ಈಪ್ರಾಮ್‌ನಲ್ಲಿ ಬರೆದುಕೊಂಡದ್ದೆಲ್ಲ ಮುನ್ನೂರಕ್ಕೂ ನಕಲಾಗುತ್ತದೆ. ಪಿಕ್ 12ಎಫ್675 ತರಹದ ಚಿಪ್‌ನಲ್ಲಿ ಇನ್ನೂ ಕಷ್ಟ. ಅದರ ಒಳಗಿನ 4 ಮೆಗಾಹರ್ಟ್ಸ್ ಆಸಿಲೇಟರ್‌ನ ಹೊಂದಾಣಿಕೆ ಸಂಖ್ಯೆಯನ್ನು ಕಾರ್ಖಾನೆಯಲ್ಲಿ ಪ್ರತಿ ಚಿಪ್‌ಗೂ ಬೇರೆಬೇರೆಯಾಗಿ ಅಳೆದು, ಪ್ರೋಗ್ರಾಂ ಮೆಮೊರಿಯ ಕೊನೆಯ ವಿಳಾಸವಾದ 3ಎಫ್‌ಎಫ್‌ನಲ್ಲಿ ಇಟ್ಟಿರುತ್ತಾರೆ. ನಕಲು ಮಾಡಿದರೆ ಒಂದು ಚಿಪ್ಪಿನ ಸಂಖ್ಯೆ ಎಲ್ಲಕ್ಕೂ ಹೋಗಿ ಕೂರುತ್ತದೆ. ಆ ಚಿಪ್ ಬಳಸುವವರು ‘ಅಳಿಸುವ ಮುನ್ನ 3ಎಫ್‌ಎಫ್ ಓದಿ, ಅದನ್ನೇ ತಿರುಗಿ ಬರೆಯಿರಿ, ಕಾನ್ಫಿಗರೇಶನ್ ವರ್ಡ್‌ನ ಬ್ಯಾಂಡ್‌ಗ್ಯಾಪ್ ಬಿಟ್‌ಗಳನ್ನೂ ಹಾಗೇ ಉಳಿಸಿ’ ಎಂದು ಹಾಳೆಯಲ್ಲಿ ಸ್ಪಷ್ಟವಾಗಿ ಬರೆಯಲೇಬೇಕು.

ಫೈಲಿನ ಗುರುತು. ಹೆಕ್ಸ್ ಫೈಲಿನ ಪ್ರತಿ ಸಾಲಿಗೂ ಅದರದೇ ಚೆಕ್‌ಸಮ್ ಇದೆ, ಆದರೆ ಪೂರ್ತಿ ಫೈಲಿಗೆ ಇಲ್ಲ. ಒಂದು ಸಾಲೇ ಮಾಯವಾದರೂ ಉಳಿದವು ಸರಿಯಾಗಿಯೇ ಕಾಣುತ್ತವೆ. ಹಳೆಯ ಫೈಲ್ ಹೋಗಿಬಿಟ್ಟರಂತೂ ಎಲ್ಲವೂ ಸರಿಯೇ. ಫೈಲಿನ ಹೆಸರು, ಆವೃತ್ತಿ ಸಂಖ್ಯೆ, ಎಸ್‌ಎಚ್‌ಎ-256 ಬೆಲೆ, ಮೂರನ್ನೂ ಹಾಳೆಯಲ್ಲಿ ಬರೆಯಿರಿ. ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಅದನ್ನು ಲೆಕ್ಕ ಹಾಕಲು ಸಿದ್ಧ ಆಜ್ಞೆಗಳಿವೆ. ಪ್ರೋಗ್ರಾಮರ್ ಯಂತ್ರ ತೋರಿಸುವ ಚೆಕ್‌ಸಮ್ ಇದರಿಂದ ಬೇರೆ. ಖಾಲಿ ಜಾಗವನ್ನು ಸೇರಿಸಿತೋ ಇಲ್ಲವೋ, ಕಾನ್ಫಿಗರೇಶನ್ ವರ್ಡ್ ಸೇರಿಸಿತೋ ಇಲ್ಲವೋ ಎಂಬುದರ ಮೇಲೆ ಅದು ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಮೊದಲ ಮಾದರಿ ಒಪ್ಪಿಗೆಯಾದ ಮೇಲೆ ಅವರ ಯಂತ್ರ ತೋರಿಸಿದ ಚೆಕ್‌ಸಮ್ಮನ್ನು ಕೇಳಿ ಬರೆದಿಟ್ಟುಕೊಳ್ಳಿ. ಅದೇ ಸೇವೆಗೆ ಎರಡನೇ ಆರ್ಡರ್ ಕೊಡುವಾಗ ಉಪಯೋಗಕ್ಕೆ ಬರುತ್ತದೆ.

ಎರಡನೇ ಆರ್ಡರ್ ಎಂದೆ. ಆಗ ‘ಎಲ್ಲ ಹೋದ ಸಲದ ಹಾಗೇ’ ಎಂದು ಬರೆಯುವ ಆಸೆ ಬರುತ್ತದೆ. ಬರೆಯಬೇಡಿ. ಯಂತ್ರದ ಮುಂದೆ ಈ ಸಲ ಬೇರೆಯವರು ಕೂತಿರಬಹುದು. ಪೂರ್ತಿ ಹಾಳೆಯನ್ನು ಹೊಸ ದಿನಾಂಕ ಹಾಕಿ ಕಳಿಸಿ, ಬದಲಾದ ಸಾಲು ಯಾವುದೆಂದು ತೋರಿಸಿ.

ಹಾಳೆ ಎಷ್ಟು ಚೆನ್ನಾಗಿದ್ದರೂ ಮಾದರಿ ನೋಡದೆ ಪೂರ್ತಿ ಸಂಖ್ಯೆಗೆ ಒಪ್ಪಿಗೆ ಕೊಡಬೇಡಿ. ನಾನು ಐದು ಚಿಪ್ ಕೇಳುತ್ತೇನೆ: ಎರಡು ಬೀಗವಿಲ್ಲದ್ದು, ಮೂರು ಬೀಗ ಹಾಕಿದ್ದು. ಬೀಗವಿಲ್ಲದ್ದನ್ನು ನಮ್ಮದೇ ಪ್ರೋಗ್ರಾಮರ್‌ನಲ್ಲಿಟ್ಟು ಮೂರೂ ಫ್ಯೂಸ್ ಮತ್ತು ಮೆಮೊರಿ ಓದಿ ಹಾಳೆಯೊಡನೆ ಅಕ್ಷರಕ್ಕೆ ಅಕ್ಷರ ತಾಳೆ ನೋಡುವುದು. ಬೀಗ ಹಾಕಿದ್ದರ ಮೆಮೊರಿ ಓದಲು ಪ್ರಯತ್ನಿಸುವುದು, ಓದಿಸಿಕೊಳ್ಳಬಾರದು. ಆಮೇಲೆ ಬೋರ್ಡಿಗೆ ಹಾಕಿ ಗಡಿಯಾರ ಹಿಡಿದು ಕೂರುವುದು. 60 ಸೆಕೆಂಡಿಗೆ ಟಕ್. ಒಳಗಿನ ಆಸಿಲೇಟರ್ ಕಾರ್ಖಾನೆಯ ಹೊಂದಾಣಿಕೆಯಲ್ಲಿ ಶೇಕಡಾ 10ರಷ್ಟು ಹೆಚ್ಚುಕಡಿಮೆ ಇರಬಹುದು, ಹಾಗಾಗಿ 57ಕ್ಕೋ 63ಕ್ಕೋ ಎಂದರೂ ಒಪ್ಪಬಹುದು. ಎಂಟು ನಿಮಿಷ ಒಪ್ಪಲಾಗದು. ಕೊನೆಗೆ ಬೆಂಚ್ ಸಪ್ಲೈಯ ಗುಂಡಿಯನ್ನು 5 ವೋಲ್ಟಿನಿಂದ ಬಹಳ ನಿಧಾನಕ್ಕೆ ಇಳಿಸುತ್ತ ಹಸಿರು ದೀಪದ ಮೇಲೆ ಕಣ್ಣಿಡುವುದು. 4.8ರಲ್ಲಿ ಮಿಣುಕುತ್ತದೆ, 4.6ರಲ್ಲಿ ಮಿಣುಕುತ್ತದೆ. 4.5ರಿಂದ 4.1ರ ನಡುವೆ ಎಲ್ಲೋ ಒಂದು ಕಡೆ ದೀಪ ಥಟ್ಟನೆ ಸತ್ತು ನಿಂತರೆ ಬ್ರೌನ್‌ಔಟ್ ಇದೆ ಎಂದರ್ಥ. 3.5ಕ್ಕೆ ಇಳಿದರೂ ಮಿಣುಕುತ್ತಲೇ ಇದ್ದರೆ ಹಾಳೆ ಏನೇ ಹೇಳಲಿ, ಆ ಫ್ಯೂಸ್ ಬಿದ್ದಿಲ್ಲ.

ಸೋರ್ಸ್ ಕೋಡ್ ಯಾರಿಗೂ ಕೊಡುವ ಅಗತ್ಯವಿಲ್ಲ, ಕೇಳಿದರೂ ಕೊಡಬೇಡಿ. ಪ್ರತಿ ಚಿಪ್‌ಗೂ ಬೇರೆ ಸೀರಿಯಲ್ ನಂಬರ್ ಬೇಕಿದ್ದರೆ ಯಾವ ವಿಳಾಸ, ಎಷ್ಟು ಬೈಟ್, ದೊಡ್ಡ ಬೈಟ್ ಮೊದಲೋ ಚಿಕ್ಕದೋ, ಎಲ್ಲಿಂದ ಶುರು ಎಂಬ ನಾಲ್ಕನ್ನೂ ಬರೆಯಿರಿ. ಒಂದು ಉದಾಹರಣೆಯನ್ನೂ ಸೇರಿಸಿ: 1001ನೇ ಚಿಪ್‌ನಲ್ಲಿ ಯಾವ ವಿಳಾಸದಲ್ಲಿ ಯಾವ ಬೈಟ್ ಕಾಣಬೇಕು ಎಂದು. ತೇವ ಹೀರುವ ಪ್ಯಾಕೇಜ್‌ಗಳನ್ನು ಪೊಟ್ಟಣ ಒಡೆದು ಪ್ರೋಗ್ರಾಂ ಹಾಕಿದ ಮೇಲೆ ಮತ್ತೆ ಒಣಗಿಸಿ ಮುಚ್ಚಿಕೊಡಲು ಹೇಳಿ. ಟ್ರೇಯಲ್ಲಿ ಬೇಕೋ ರೀಲಿನಲ್ಲಿ ಬೇಕೋ ಎಂಬುದನ್ನು ನಿಮ್ಮ ಅಸೆಂಬ್ಲಿಯವರನ್ನು ಕೇಳಿಯೇ ಬರೆಯಿರಿ.

ಲೆಕ್ಕವನ್ನೂ ಬರವಣಿಗೆಯಲ್ಲೇ ಇಡಿ. 300 ಕೊಟ್ಟಿದ್ದರೆ ಪಾಸಾದದ್ದು ಎಷ್ಟು, ಫೇಲಾದದ್ದು ಎಷ್ಟು, ಫೇಲಾದವು ಎಲ್ಲಿ ಎಂದು ತಿಳಿಯಬೇಕು. ಫೇಲಾದ ಚಿಪ್‌ಗಳು ಬೇರೆ ಪೊಟ್ಟಣದಲ್ಲಿ ವಾಪಸ್ ಬರಲಿ. ಪಾಸಾದವುಗಳ ಮೇಲೆ ಬಣ್ಣದ ಒಂದು ಚುಕ್ಕೆ ಇಡಲು ಹೇಳಿ, ಆವೃತ್ತಿ ಬದಲಾದಾಗ ಬಣ್ಣವೂ ಬದಲಾಗಲಿ. ಖಾಲಿ ಚಿಪ್ಪಿಗೂ ಪ್ರೋಗ್ರಾಂ ಹಾಕಿದ ಚಿಪ್ಪಿಗೂ ಹೊರಗಿನಿಂದ ಬೇರೆ ಯಾವ ವ್ಯತ್ಯಾಸವೂ ಇಲ್ಲ. ನಮ್ಮ ಈಗಿನ ಬೋರ್ಡಿನಲ್ಲಿ ಹಸಿರು ಚುಕ್ಕೆ. ಅದರ ಪಕ್ಕದಲ್ಲೇ ಆರು ಪಿನ್‌ಗಳ ಪ್ರೋಗ್ರಾಮಿಂಗ್ ಜಾಗವನ್ನೂ ಈ ಸಲ ಬಿಟ್ಟಿದ್ದೇವೆ.